ತೂಬು ತೆರೆದಿದ್ದ ಅವಧಿ 838 ಗಂಟೆಗೇ ನಿಂತುಬಿಡುತ್ತಿದೆ

ಪ್ರಶ್ನೆ, ಮಂಡ್ಯದಿಂದ:
ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ನೀರು ಬಳಕೆದಾರರ ಸಂಘಕ್ಕೆ ಪಟ್ಟಿ ತಯಾರಿಸುತ್ತಿದ್ದೇನೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಟೇಬಲ್‌ನಲ್ಲಿ ಪ್ರತಿ ತೂಬು ತೆರೆದ ವೇಳೆ, ಮುಚ್ಚಿದ ವೇಳೆ ಇವೆ. ವ್ಯತ್ಯಾಸವನ್ನು ಸೆಕೆಂಡಿನಲ್ಲಿ ತೆಗೆದು ಅದನ್ನು ಗಂಟೆ:ನಿಮಿಷ:ಸೆಕೆಂಡ್ ಆಗಿಸುವ ಸೆಕ್_ಟು_ಟೈಮ್ ಫಂಕ್ಷನ್‌ಗೆ ಕೊಟ್ಟರೆ ಸಣ್ಣ ಅವಧಿಗಳು ಸರಿ ಬರುತ್ತವೆ. 36 ದಿನಕ್ಕೂ 41 ದಿನಕ್ಕೂ ಮಾತ್ರ ಒಂದೇ ಉತ್ತರ: 838:59:59. ರೈತರು ಓದುವಂತೆ "40 ದಿನ 2 ಗಂಟೆ" ಎಂದು ಬರಬೇಕು.

ಉತ್ತರ 1:
ಟೈಮ್ ಎಂಬ ಡೇಟಾ ಬಗೆಯ ಮಿತಿಯೇ ಅಷ್ಟು, 35 ದಿನಕ್ಕೆ ಒಂದು ಗಂಟೆ ಕಡಿಮೆ. ಮೀರಿದರೆ ಎರರ್ ಬರುವುದಿಲ್ಲ, ಬರೀ ವಾರ್ನಿಂಗ್. ಹಾಗಾಗಿ ಕಣ್ಣಿಗೆ ಬೀಳದೆ ತಪ್ಪು ಉಳಿದುಬಿಡುತ್ತದೆ. ಎರಡು ವೇಳೆಗಳ ವ್ಯತ್ಯಾಸವನ್ನು ಟೈಮ್ ಬಗೆಯಲ್ಲೇ ಕೊಡುವ ಟೈಮ್‌ಡಿಫ್‌ಗೂ ಇದೇ ಗತಿ. ವ್ಯತ್ಯಾಸವನ್ನು ಬರೀ ಸಂಖ್ಯೆಯಾಗಿ ಕೊಡುವ ಟೈಮ್‌ಸ್ಟಾಂಪ್‌ಡಿಫ್ ಬಳಸಿ ಸೆಕೆಂಡನ್ನು ಪೂರ್ಣಾಂಕವಾಗಿಯೇ ಇಟ್ಟುಕೊಳ್ಳಿ. ಅದರಲ್ಲಿ ತೆರೆದ ವೇಳೆ ಮೊದಲು ಬರಬೇಕು. ಟೈಮ್‌ಡಿಫ್‌ನಲ್ಲಿ ಇದು ಉಲ್ಟಾ.

ಆಮೇಲೆ ಮೊದಲು ನಿಮಿಷಕ್ಕೆ ರೌಂಡ್ ಮಾಡಿ, ನಂತರ ದಿನ, ಗಂಟೆಯಾಗಿ ಭಾಗಿಸಿ. 3463170 ಸೆಕೆಂಡ್ ತೆಗೆದುಕೊಳ್ಳಿ. ದಿನ, ಗಂಟೆ ಕಳೆದು ಉಳಿದ 59.5 ನಿಮಿಷವನ್ನು ಕೊನೆಗೆ ರೌಂಡ್ ಮಾಡಿದರೆ "40 ದಿನ 1 ಗಂಟೆ 60 ನಿಮಿಷ" ಎಂದು ಬರುತ್ತದೆ. ಮೊದಲೇ 60ರಿಂದ ಭಾಗಿಸಿ ರೌಂಡ್ ಮಾಡಿದರೆ 57720 ನಿಮಿಷ. ಅದನ್ನು 1440ರಿಂದ (ಒಂದು ದಿನದ ನಿಮಿಷ) ಡಿವ್ ಮಾಡಿದರೆ, ಅಂದರೆ ಭಾಗಿಸಿ ಪೂರ್ಣಾಂಕವನ್ನಷ್ಟೇ ತೆಗೆದುಕೊಂಡರೆ, 40 ದಿನ. ಮಾಡ್‌ನಿಂದ (ಶೇಷ ಕೊಡುವ ಫಂಕ್ಷನ್) ಉಳಿದ 120ನ್ನು 60ರಿಂದ ಡಿವ್ ಮಾಡಿದರೆ 2 ಗಂಟೆ. ಡಿವ್ ಬದಲು ಓರೆಗೆರೆ (/) ಹಾಕಬೇಡಿ, ದಶಮಾಂಶ ಬಂದು 40.0833 ದಿನ ಆಗುತ್ತದೆ.

ಉತ್ತರ 2:
"0 ನಿಮಿಷ" ಎಂಬ ಬಾಲ ಬೇಡವೆಂದರೆ ಕೇಸ್ (ಷರತ್ತಿನ) ಸಾಲುಗಳ ರಾಶಿ ಬೇಕಿಲ್ಲ. ಪ್ರತಿ ಭಾಗವನ್ನೂ ನಲ್‌ಇಫ್‌ನಲ್ಲಿ ಸೊನ್ನೆಯೊಂದಿಗೆ ಹೋಲಿಸಿ (ಸಮವಿದ್ದರೆ ಅದು ನಲ್, ಅಂದರೆ ಬೆಲೆಯೇ ಇಲ್ಲದ್ದು, ಕೊಡುತ್ತದೆ), ಪಠ್ಯ ಜೋಡಿಸುವ ಕನ್‌ಕ್ಯಾಟ್‌ನಲ್ಲಿ ಘಟಕದ ಹೆಸರು ಸೇರಿಸಿ. ಸೊನ್ನೆ ಇದ್ದ ಭಾಗ ಇಡಿಯಾಗಿ ನಲ್ ಆಗುತ್ತದೆ, ಹೊರಗಿನ ಕನ್‌ಕ್ಯಾಟ್_ಡಬ್ಲ್ಯೂಎಸ್ ನಲ್ ಭಾಗವನ್ನು ಬಿಟ್ಟು ಉಳಿದವನ್ನು ನಡುವೆ ಖಾಲಿ ಜಾಗವಿಟ್ಟು ಜೋಡಿಸುತ್ತದೆ. ಕನ್ನಡದಲ್ಲಿ 1 ದಿನ, 2 ದಿನ ಎರಡೂ ಸರಿ, ಬಹುವಚನದ ತಲೆನೋವಿಲ್ಲ. ಎಲ್ಲವೂ ಸೊನ್ನೆಯಾದರೆ ಖಾಲಿ ಪಠ್ಯ ಬರುತ್ತದೆ, ಅಲ್ಲಿ "0 ನಿಮಿಷ" ಹಾಕಿ.

ಉತ್ತರ 3:
ಮೇಲಿನದ್ದರಲ್ಲಿ ಒಂದು ಅಪಾಯವಿದೆ. ಇನ್ನೂ ಮುಚ್ಚದ ತೂಬಿಗೆ ಮುಚ್ಚಿದ ವೇಳೆ ನಲ್, ಅವಧಿಯೂ ನಲ್, ಭಾಗಗಳೆಲ್ಲ ನಲ್. ಕೊನೆಗೆ ನೀರು ಹರಿಯುತ್ತಲೇ ಇರುವ ತೂಬಿನ ಮುಂದೆ "0 ನಿಮಿಷ" ಎಂದು ಅಚ್ಚಾಗುತ್ತದೆ. ನೀರಿನ ಸರದಿಯ ಪಟ್ಟಿಯಲ್ಲಿ ಇದು ಜಗಳಕ್ಕೇ ದಾರಿ. ನಲ್ ಪರೀಕ್ಷೆ ಎಲ್ಲಕ್ಕಿಂತ ಮೊದಲಿರಲಿ, ಅಲ್ಲಿ "ಇನ್ನೂ ತೆರೆದಿದೆ" ಎಂದು ಬರಲಿ.

ಸಾರ್ಟ್ ಮಾಡುವುದು ಸೆಕೆಂಡಿನ ಕಾಲಂ ಮೇಲೆಯೇ. ಪಠ್ಯದ ಮೇಲೆ ಮಾಡಿದರೆ "10 ದಿನ" ಎಂಬುದು "2 ದಿನ"ಕ್ಕಿಂತ ಮೊದಲು ಬರುತ್ತದೆ. ಇನ್ನು, ಬರೀ "2 ಗಂಟೆ" ಎಂದಿದ್ದರೆ ಮಧ್ಯಾಹ್ನ ಎರಡು ಗಂಟೆಯೆಂದೂ ಓದಬಹುದು. "2 ಗಂಟೆ ಕಾಲ" ಎಂದು ಬರೆಸಿ.