ಹಳೆ ಗೇಮ್ ಡಿಸ್ಕ್ ವ್ಯಾಪಾರ ಮಾಡಿದ್ರ ಗೇಮ್ ಮಾಡಿದವರಿಗೆ ಖರೇನ ಲುಕ್ಸಾನ ಆಗತೈತೇನು?

ಬೈಲ್_ಕಪಾಟು (ಹುಬ್ಬಳ್ಳಿ)

ನಮಸ್ಕಾರ್ರೀ ಎಲ್ಲಾರಿಗೂ. ದುರ್ಗದ ಬೈಲ್ ಹತ್ರ ಮೊಬೈಲ್ ಸಾಮಾನಿನ ಅಂಗಡಿಯೊಳಗ ಒಂದು ಕಪಾಟು ತೆರವು ಮಾಡಿ ಪಿಎಸ್4, ಪಿಎಸ್5 (ಸೋನಿಯ ಪ್ಲೇಸ್ಟೇಷನ್), ಸ್ವಿಚ್ (ನಿಂಟೆಂಡೊದ್ದು) ಅನ್ನೋ ಕನ್ಸೋಲ್, ಅಂದ್ರ ಗೇಮ್ ಆಡೋ ಮಷಿನ್ನಿನ ಹಳೆ ಗೇಮ್ ತಗೊಂಡು ಮಾರೂ ವಿಚಾರ ಐತಿ. ವಿದ್ಯಾನಗರದ ಹಾಸ್ಟೆಲ್ ಹುಡುಗರು ಭಾಳ ಕೇಳತಾರ. ತಗೊಳ್ಳುವಾಗ ಮಾಲು ಹೆಂಗ ಚೆಕ್ ಮಾಡಬೇಕು? ಕಾಯ್ದೆ ಏನು ಹೇಳತೈತಿ, ಬಾಡಿಗಿಗೂ ಕೊಡಬಹುದಾ?

ಮನಸಿನ್ಯಾಗ ಕೊರಿಯೋ ಪ್ರಶ್ನೆ ಇನ್ನೊಂದು ಐತಿ. ಹಳೆ ಡಿಸ್ಕ್ ಎಷ್ಟು ಕೈ ಬದಲಾದ್ರೂ ಗೇಮ್ ಮಾಡಿದವರಿಗೆ ಒಂದು ಪೈಸಾ ಮುಟ್ಟಂಗಿಲ್ಲ ಅಂತಾರ. ಕನ್ಸೋಲ್ ಕಂಪನಿ ಬ್ಯಾರೆ, ಗೇಮ್ ಮಾಡೋ ಹೊರಗಿನ ಸ್ಟುಡಿಯೊ ಬ್ಯಾರೆ ಇದ್ದಾಗ ಹೊಡ್ತ ಯಾರಿಗೆ ಬೀಳತೈತಿ? ತಿಳಿದವರು ಹೇಳ್ರಿ.

ಲೇಸರ್_ಲೆನ್ಸ್ (ಹಳೇ ಹುಬ್ಬಳ್ಳಿ)

ಚೆಕ್ ಮಾಡೂದರ ಬಗ್ಗೆ ನಾ ಹೇಳತೀನ್ರಿ.

ಡಿಸ್ಕ್ ಟ್ಯೂಬ್‌ಲೈಟ್ ಕೆಳಗ ಓರೆ ಹಿಡೀರಿ. ನಡುವಿನ ತೂತಿನಿಂದ ಅಂಚಿಗೆ ನೆಟ್ಟಗ ಹೋದ ಸಣ್ಣ ಗೀರು ಇದ್ರ ಹೆಚ್ಚಾಗಿ ಓದತೈತಿ. ದುಂಡಗ, ಟ್ರ್ಯಾಕಿನ ಗುಂಟ ಹೋದ ಗೀರು ಇದ್ರ ತಗೋಬ್ಯಾಡ್ರಿ. ಅದು ಒಂದ ಕಡೆ ಸಾಲಾಗಿ ಡೇಟಾ ಮುಚ್ಚತೈತಿ, ತಪ್ಪು ತಿದ್ದಿಕೊಳ್ಳಾಕ ಡ್ರೈವಿಗೆ ಜಾಗ ಉಳಿಯಂಗಿಲ್ಲ. ತೂತಿನ ಸುತ್ತ ಕೂದಲೆಳಿಯಷ್ಟು ಸೀಳು ಕಂಡ್ರೂ ವಾಪಸ್ ಕೊಡ್ರಿ. ಡ್ರೈವಿನ್ಯಾಗ ಜೋರಾಗಿ ತಿರುಗುವಾಗ ಆ ಸೀಳು ಬೆಳೀತೈತಿ.

ಪಾಲಿಶ್ ಮಷಿನ್, ಟೂತ್‌ಪೇಸ್ಟ್ ಯಾವುದೂ ಬ್ಯಾಡ. ಸಿಡಿಯೊಳಗ ಡೇಟಾ ಪದರ 1.2 ಮಿ.ಮೀ. ಒಳಗ ಇರತೈತಿ, ಡಿವಿಡಿಯೊಳಗ 0.6. ಪಿಎಸ್4, ಪಿಎಸ್5 ಬ್ಲೂ-ರೇ ಒಳಗ ಬರೇ 0.1 ಮಿ.ಮೀ. ಮ್ಯಾಲಿನ ಗಟ್ಟಿ ಲೇಪ ತಿಕ್ಕಿ ತೆಗೆದ್ರ ಡಿಸ್ಕ್ ಮುಗೀತು. ಮೆತ್ತನ ಬಟ್ಟಿ ತಗೊಂಡು ಒಳಗಿಂದ ಹೊರಗ ನೆಟ್ಟಗ ಒರಸ್ರಿ, ಸಾಕು.

ಆಮ್ಯಾಲ ಓಡಿಸಿ ನೋಡ್ರಿ. ಭಾಳ ಮಂದಿ ತಪ್ಪೂದು ಇಲ್ಲೇ. ಆ ಗೇಮ್ ನಿಮ್ಮ ಕನ್ಸೋಲಿನ್ಯಾಗ ಮೊದಲ ಇನ್‌ಸ್ಟಾಲ್ ಆಗಿದ್ರ ಡಿಸ್ಕ್ ಬರೇ ಕೀಲಿ ಕೆಲಸ ಮಾಡತೈತಿ, ಹಾಳಾದ ಭಾಗ ಗೊತ್ತಾಗಂಗಿಲ್ಲ. ಅದಕ್ಕ ಹಳೇದು ಡಿಲೀಟ್ ಮಾಡಿ, ಇಂಟರ್‌ನೆಟ್ ಬಂದ್ ಮಾಡಿ, ಹೊಸದಾಗಿ ಹಾಕ್ರಿ. ಪಿಎಸ್4 ಒಳಗ ಕಾಪಿ ಮುಗಿಯೂದರೊಳಗ ಗೇಮ್ ಚಾಲೂ ಆಗತೈತಿ. ಮೆನು ಬಂತು ಅಂತ ರೊಕ್ಕ ಎಣಿಸಬ್ಯಾಡ್ರಿ, ಕಾಪಿ ಪೂರ್ತಿ ಆಗೂತನಕ ಕಾಯ್ರಿ. ಪ್ರತಿ ಸಲ ಒಂದ ಜಾಗಾದಾಗ ನಿಂತ್ರ ಡಿಸ್ಕಿನ ದೋಷ. ಬ್ಯಾರೆ ಡಿಸ್ಕೂ ನಿಂತ್ರ ನಿಮ್ಮ ಲೆನ್ಸ್ ನೋಡ್ರಿ.

ಪಿಎಸ್4 ಡಿಸ್ಕ್, ಡ್ರೈವ್ ಇರೋ ಪಿಎಸ್5 ಒಳಗ ನಡೀತೈತಿ, ಪಿಎಸ್5 ಡಿಸ್ಕ್ ಪಿಎಸ್4 ಒಳಗ ನಡಿಯಂಗಿಲ್ಲ. ಗಿರಾಕಿಗೆ ಮೊದಲ ಕೇಳ್ರಿ, ನಿಮ್ಮದು ಡಿಜಿಟಲ್ ಎಡಿಷನ್ (ಡಿಸ್ಕ್ ಡ್ರೈವ್ ಇಲ್ಲದ್ದು) ಏನು ಅಂತ. ಡಬ್ಬಿಯೊಳಗಿನ ಕೋಡ್ ಚೀಟಿ ಒಮ್ಮೆ ಬಳಸಿದ್ರ ಮುಗೀತು, ಅದಕ್ಕ ಬೆಲಿ ಹಿಡೀಬ್ಯಾಡ್ರಿ. ದುಬೈಯಿಂದ ಬಂದ ಡಿಸ್ಕ್ ಇಲ್ಲೂ ನಡೀತೈತಿ, ಆದ್ರ ಆಮ್ಯಾಲ ಕೊಳ್ಳೂ ಡಿಎಲ್‌ಸಿ (ಗೇಮಿಗೆ ಸೇರಿಸೋ ಹೆಚ್ಚಿನ ಭಾಗ) ಆ ಡಿಸ್ಕಿನ ರೀಜನ್ ಸ್ಟೋರಿನದ ಬೇಕು.

ಸ್ವಿಚ್ ಕಾರ್ಡಿನ ಚಿನ್ನದ ಬಣ್ಣದ ಪಟ್ಟಿ ಮಾಸಿದ್ರ ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತಿಗೆ ಹಚ್ಚಿ ಒರಸ್ರಿ. ಸ್ವಿಚ್ 2 ಒಳಗ ಗೇಮ್-ಕೀ ಕಾರ್ಡ್ ಅಂತ ಬಂದಾವ. ಕಾರ್ಡಿನ್ಯಾಗ ಗೇಮ್ ಇಲ್ಲ, ಕೀಲಿ ಅಷ್ಟ ಐತಿ; ಗೇಮ್ ಡೌನ್‌ಲೋಡ್ ಮಾಡಬೇಕು, ಆಡುವಾಗಲೂ ಕಾರ್ಡ್ ಹಾಕಿರಬೇಕು. ಮಾರಾಕ ಬರತೈತಿ, ಆದ್ರ ಗಿರಾಕಿಗೆ ಹೇಳಿ ಮಾರ್ರಿ.

ಇನ್ನ 'ಪ್ರೈಮರಿ-ಸೆಕೆಂಡರಿ ಅಕೌಂಟ್' ಅಂತ ತಮ್ಮ ಅಕೌಂಟಿನ ಪಾಸ್‌ವರ್ಡ್ ಕೊಟ್ಟು ಡಿಜಿಟಲ್ ಗೇಮ್ ಮಾರತಾರಲ್ಲ, ಅದರ ಗೊಡವಿಗೆ ಹೋಗಬ್ಯಾಡ್ರಿ. ಸೋನಿ ನಿಯಮಕ್ಕ ವಿರುದ್ಧ ಐತಿ. ಮೂಲ ಮಾಲಕ ಪಾಸ್‌ವರ್ಡ್ ಬದಲಿಸಿದ್ರ ಗಿರಾಕಿ ಬಂದು ನಿಮ್ಮ ಕೌಂಟರ್ ಮುಂದ ನಿಂದರತಾನ.

ವೀರನಾರಾಯಣ_8ಬಿಟ್ (ಗದಗ)

ಕಾಯ್ದೆ ವಿಷಯ. 1957ರ ಕಾಪಿರೈಟ್ ಕಾಯ್ದೆಯ 14ನೇ ಕಲಂ ನೋಡಬೇಕು. ಕಂಪ್ಯೂಟರ್ ಪ್ರೋಗ್ರಾಮಿನ ಒಂದು ಪ್ರತಿ ಹಿಂದೆ ಮಾರಾಟವಾಗಿದ್ದರೂ ಅದರ ಮೇಲೆ ಹಕ್ಕುದಾರನ ಹಿಡಿತ ಉಳಿಯುವಂಥ ಮಾತು ಮೊದಲು ಅದರಲ್ಲಿತ್ತು. 1999ರ ತಿದ್ದುಪಡಿ ಅದನ್ನು ತೆಗೆಯಿತು. ಹಾಗಾಗಿ ಅಸಲಿ ಡಿಸ್ಕ್ ಮರುಮಾರಾಟಕ್ಕೆ ಅಡ್ಡಿಯಿಲ್ಲ. ವಾಣಿಜ್ಯ ಬಾಡಿಗೆಯ ಹಕ್ಕು ಮಾತ್ರ ಇವತ್ತಿಗೂ ಹಕ್ಕುದಾರನದೇ. ದಿನಕ್ಕಿಷ್ಟು ಅಂತ ಡಿಸ್ಕ್ ಬಾಡಿಗೆಗೆ ಕೊಡಬೇಡಿ. ಮಾರಲು ಬಂದವರ ಗುರುತಿನ ಚೀಟಿಯ ಪ್ರತಿ, ಸಹಿ, ತಾರೀಖು ಒಂದು ರಿಜಿಸ್ಟರಿನಲ್ಲಿ ಇಡಿ. ಕಳ್ಳಮಾಲು ಅಂತ ಗೊತ್ತಿದ್ದು ಕೊಂಡರೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 317ನೇ ಕಲಂ ಬರುತ್ತೆ.

ಇನ್ನು ಹೊಡೆತ ಯಾರಿಗೆ ಅನ್ನೋದು. ಇದಕ್ಕೆ ಹಿಂದಕ್ಕೆ ಹೋಗಲೇಬೇಕು. 1977ರಲ್ಲಿ ಬಂದ ಅಟಾರಿ 2600 ಕನ್ಸೋಲಿಗೆ ಮೊದಮೊದಲು ಅಟಾರಿಯೇ ಗೇಮ್ ಮಾಡುತ್ತಿತ್ತು. 1979ರಲ್ಲಿ ಅಲ್ಲಿಂದ ಹೊರಬಂದ ಪ್ರೋಗ್ರಾಮರ್‌ಗಳು ಆಕ್ಟಿವಿಷನ್ ಕಂಪನಿ ಕಟ್ಟಿದರು. ಹೊರಗಿನವರು ಇನ್ನೊಬ್ಬರ ಕನ್ಸೋಲಿಗೆ ಗೇಮ್ ಮಾಡುವ ಪದ್ಧತಿ ಶುರುವಾದದ್ದು ಅಲ್ಲಿಂದ. ಕೋರ್ಟಿಗೆ ಹೋಗಿದ್ದ ಅಟಾರಿ 1982ರಲ್ಲಿ ರಾಯಲ್ಟಿಗೆ ಒಪ್ಪಿ ರಾಜಿಯಾಯಿತು. ಕನ್ಸೋಲಿನಲ್ಲಿ ಹೊರಗಿನ ಗೇಮ್ ತಡೆಯುವ ಬೀಗ ಇರಲಿಲ್ಲ, ಆದ್ದರಿಂದ ಯಾರು ಬೇಕಾದರೂ ಕಾರ್ಟ್ರಿಜ್ (ಗೇಮ್ ತುಂಬಿದ ಡಬ್ಬಿ) ಮಾಡಿದರು. ಅಂಗಡಿಗಳು ತುಂಬಿದವು, ಮಾರಾಟವಾಗದ ಮಾಲು ಮೂರುಕಾಸಿಗೆ ಬುಟ್ಟಿಗೆ ಬಿತ್ತು. ಅದರ ಪಕ್ಕದಲ್ಲಿ ಪೂರ್ತಿ ಬೆಲೆಯ ಹೊಸ ಗೇಮನ್ನು ಯಾರು ಕೊಳ್ಳುತ್ತಾರೆ? 1983ರ ಕುಸಿತಕ್ಕೆ ಇದೂ ಒಂದು ದೊಡ್ಡ ಕಾರಣ. ಅಗ್ಗದ ಪ್ರತಿಯೊಂದು ಹೊಸ ಪ್ರತಿಯ ಪಕ್ಕ ಕೂತರೆ ಏನಾಗುತ್ತೆ ಅನ್ನೋ ಪಾಠ ಉದ್ಯಮ ಕಲಿತದ್ದು ಆಗ.

ನಿಂಟೆಂಡೊ 1985ರಲ್ಲಿ ಅಮೆರಿಕಕ್ಕೆ ಎನ್‌ಇಎಸ್ ಕನ್ಸೋಲ್ ತಂದಾಗ ಬೀಗದ ಚಿಪ್ ಹಾಕಿತು. ಲೈಸೆನ್ಸ್ ಪಡೆದವರಿಗೆ ಅಲ್ಲಿ ವರ್ಷಕ್ಕೆ 5 ಗೇಮ್ ಮಿತಿ. ಕಾರ್ಟ್ರಿಜ್ ತಯಾರಿಸುವುದು ನಿಂಟೆಂಡೊ, ದುಡ್ಡು ಮುಂಗಡ. ಅಂದರೆ ಗೇಮ್ ಮಾರಾಟವಾಗಲಿ ಬಿಡಲಿ, ಕನ್ಸೋಲ್ ಕಂಪನಿಯ ಪಾಲು ತಯಾರಿಕೆಯಲ್ಲೇ ಬಂದುಬಿಡುತ್ತೆ. ಪ್ರತಿಯೊಂದಕ್ಕೆ ಇಷ್ಟು ಅನ್ನುವ ಈ ಲೆಕ್ಕವೇ ಮುಂದಿನ ಡಿಸ್ಕ್ ಕನ್ಸೋಲುಗಳಿಗೂ ಬಂತು.

ಈಗ ನಿಮ್ಮ ಕಪಾಟಿನ ಒಂದು ಹಳೆ ಡಿಸ್ಕ್ ತಗೊಳ್ಳಿ. ಎರಡನೇ ಮಾರಾಟದಲ್ಲಿ ಕನ್ಸೋಲ್ ಕಂಪನಿಗೂ ಹಣ ಹೋಗಲ್ಲ, ಸ್ಟುಡಿಯೊಗೂ ಹೋಗಲ್ಲ. ಆದರೆ ಅಗ್ಗದ ಡಿಸ್ಕ್ ಸಿಗುತ್ತೆ ಅಂತಲೇ ಒಬ್ಬ ಹುಡುಗ ಕನ್ಸೋಲ್ ಕೊಳ್ಳುತ್ತಾನೆ, ಆನ್‌ಲೈನ್ ಆಡೋಕೆ ಚಂದಾ ಕಟ್ಟುತ್ತಾನೆ. ಅದು ಕನ್ಸೋಲ್ ಕಂಪನಿಗೆ ಬರುತ್ತೆ. ಹೊರಗಿನ ಸ್ಟುಡಿಯೊಗೆ ಆ ಒಂದು ಗೇಮ್ ಬಿಟ್ಟರೆ ಬೇರೆ ದಾರಿ ಇಲ್ಲ. ಹೊಡೆತ ಸಮನಾಗಿ ಬೀಳಲ್ಲ ಅನ್ನೋದು ಇಲ್ಲೇ. ಅದರಲ್ಲೂ ಒಬ್ಬರೇ ಆಡುವ, ಹತ್ತು ಗಂಟೆಯಲ್ಲಿ ಮುಗಿಯುವ ಗೇಮ್ ಮೊದಲ ವಾರದಲ್ಲೇ ಮಾರುಕಟ್ಟೆಗೆ ವಾಪಸ್ ಬರುತ್ತೆ. ಡಿಸ್ಕ್ ಸವೆಯೋದಿಲ್ಲವಲ್ಲ, ಹೊಸದಕ್ಕೂ ಹಳೆಯದಕ್ಕೂ ಆಟದಲ್ಲಿ ಫರಕಿಲ್ಲ.

ಇದಕ್ಕೇ 2010ರಲ್ಲಿ ಇಎ ಕಂಪನಿ ಆನ್‌ಲೈನ್ ಪಾಸ್ ತಂದಿತು: ಹಳೆ ಡಿಸ್ಕ್ ಕೊಂಡವನು ಆನ್‌ಲೈನ್ ಆಡಲು 10 ಡಾಲರ್ ಕೊಡಬೇಕು. ಜನ ಸಿಟ್ಟಾದರು, 2013ರಲ್ಲಿ ಕೈಬಿಟ್ಟರು. ಅದೇ ವರ್ಷ ಮೈಕ್ರೊಸಾಫ್ಟ್, ಎಕ್ಸ್‌ಬಾಕ್ಸ್ ಒನ್ 24 ಗಂಟೆಗೊಮ್ಮೆ ನೆಟ್ಟಿಗೆ ಸಿಗಬೇಕು, ಡಿಸ್ಕ್ ಕೈ ಬದಲಾಯಿಸಲು ಷರತ್ತು ಅಂತ ಹೇಳಿ ಜೂನ್ 19ಕ್ಕೆ ಹಿಂತೆಗೆದುಕೊಂಡಿತು. ಡಿಸ್ಕಿನ ಮೇಲೆ ನೇರ ಕೈ ಹಾಕೋಕೆ ಆಗಲಿಲ್ಲ, ಡ್ರೈವನ್ನೇ ತೆಗೆದರು. 2024ರ ಪಿಎಸ್5 ಪ್ರೊ ಜೊತೆ ಡ್ರೈವ್ ಬರಲ್ಲ, ಬೇರೆ ಕೊಳ್ಳಬೇಕು.

ಸಾಧನಕೇರಿ_ಬಿಲ್ಡ್ (ಧಾರವಾಡ)

ಗದಗಿನ ಅಣ್ಣಾವರ ಇತಿಹಾಸ ಸರಿ ಇದೆ, ಆದರೆ ಸ್ಟುಡಿಯೊ ಲೆಕ್ಕ ಪೂರ್ತಿ ಒಪ್ಪಲಾರೆ. ಹೊರಗಿನ ಸ್ಟುಡಿಯೊ ಸಾಮಾನ್ಯವಾಗಿ ಪಬ್ಲಿಷರ್ (ಹಣ ಹಾಕಿ ಗೇಮ್ ಮಾರುವ ಕಂಪನಿ) ಕೊಟ್ಟ ಮುಂಗಡದ ಮೇಲೆ ಕೆಲಸ ಮಾಡುತ್ತೆ. ಆ ಮುಂಗಡ ವಸೂಲಾಗುವ ತನಕ ಹೊಸ ಡಿಸ್ಕ್ ಮಾರಿದರೂ ಸ್ಟುಡಿಯೊ ಕೈಗೆ ರಾಯಲ್ಟಿ ಬರಲ್ಲ. ಇನ್ನೊಂದು, ಮುಗಿಸಿದ ಡಿಸ್ಕ್ ಕೊಟ್ಟು ಬಂದ ಹಣದಲ್ಲೇ ಎಷ್ಟೋ ಮಂದಿ ಮುಂದಿನ ಹೊಸ ಗೇಮ್ ಪೂರ್ತಿ ಬೆಲೆಗೆ ಕೊಳ್ಳುತ್ತಾರೆ. ಆ ದಾರಿ ಮುಚ್ಚಿದರೆ ಅವರು ರಿಯಾಯಿತಿಗೆ ಕಾಯುತ್ತಾರೆ.

ನಮ್ಮ ಕಡೆಯ ಸಣ್ಣ ತಂಡಗಳಿಗೆ ಡಿಸ್ಕೇ ಇಲ್ಲ, ಸ್ಟೀಮ್ (ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ) ಇದೆ. ಅಲ್ಲಿ ಮರುಮಾರಾಟವೂ ಇಲ್ಲ, ಆದರೂ ಕಷ್ಟ ತಪ್ಪಿಲ್ಲ. ಒಂದು ಗೇಮಿಗೆ 100 ಡಾಲರ್ ಶುಲ್ಕ, 1,000 ಡಾಲರ್ ವ್ಯಾಪಾರ ಆದ ಮೇಲೆ ಅದು ವಾಪಸ್. ಶುಲ್ಕ ಕಟ್ಟಿ 30 ದಿನ ಕಾಯಬೇಕು. ಸ್ಟೋರ್ ಪುಟ ಕನಿಷ್ಠ ಎರಡು ವಾರ ಮುಂಚೆ ತೆರೆದಿರಬೇಕು. ಸ್ಟೀಮ್ ಪಾಲು 30%. 500 ರೂಪಾಯಿ ಗೇಮ್ ಅಂದರೆ 350, ಅದರಲ್ಲೂ ಮೊದಲು ತೆರಿಗೆ, ರೀಫಂಡ್ ಕಳೆಯಬೇಕು. ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ದರೆ ಹಣ ವಾಪಸ್ ಕೇಳಬಹುದು. ಹಾಗಾಗಿ ಒಂದೂವರೆ ಗಂಟೆಯ ಗೇಮ್ ಮಾಡುವವರಿಗೆ ಹಳೆ ಡಿಸ್ಕಿಗಿಂತ ಇದೇ ದೊಡ್ಡ ತಲೆನೋವು. ಕದ್ದ ಕಾರ್ಡಿನಿಂದ ಸ್ಟುಡಿಯೊ ಸೈಟಿನಲ್ಲೇ ಕೀ (ಗೇಮ್ ತೆರೆಯುವ ಕೋಡ್) ಕೊಂಡು ಹೊರಗೆ ಮಾರುವವರು ಇನ್ನೂ ಕೆಟ್ಟವರು: ಕೀ ಹೋಯಿತು, ಬ್ಯಾಂಕ್ ಹಣ ಹಿಂದಕ್ಕೆ ಎಳೆಯಿತು, ಮೇಲೆ ದಂಡ. ಇದಕ್ಕೆ ಹೋಲಿಸಿದರೆ ಅಸಲಿ ಡಿಸ್ಕ್ ಮಾರುವ ಅಂಗಡಿ ಸ್ವಚ್ಛ ವ್ಯಾಪಾರ. ಒಮ್ಮೆಯಾದರೂ ಆ ಪ್ರತಿಗೆ ಯಾರೋ ದುಡ್ಡು ಕೊಟ್ಟಿದ್ದಾರೆ.

ಬೈಲ್_ಕಪಾಟು (ಹುಬ್ಬಳ್ಳಿ)

ಭಾಳ ಉಪಕಾರ ಆತ್ರೀ. ಬಾಡಿಗಿ ವಿಚಾರ ಬಿಟ್ಟೆ. ಮೊದಲ ಕಪಾಟಿನ್ಯಾಗ ಯಾವ ನಮೂನಿ ಗೇಮ್ ಇಡಬೇಕು, ದರ ಹೆಂಗ ಹಿಡೀಬೇಕು?

ಲೇಸರ್_ಲೆನ್ಸ್ (ಹಳೇ ಹುಬ್ಬಳ್ಳಿ)

ಒಬ್ಬರ ಆಡೋ ಕಥಿ ಗೇಮ್, ನೆಟ್ ಇಲ್ಲದ ಪೂರ್ತಿ ನಡಿಯೂವು ಹೆಚ್ಚಿಗಿ ಇಡ್ರಿ. ವರ್ಷಾ ವರ್ಷಾ ಬರೋ ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಗೇಮ್ ಹೊಸದು ಬರೂ ತಿಂಗಳ ಮುಂಚೆ ಖಾಲಿ ಮಾಡ್ರಿ, ಆಮ್ಯಾಲ ಯಾರೂ ಕೇಳಂಗಿಲ್ಲ. ಕಂಪನಿಯ ಸರ್ವರ್ ಬೇಕ ಬೇಕು ಅನ್ನೋ ಡಿಸ್ಕ್ ತಗೋಬ್ಯಾಡ್ರಿ. 2014ರ 'ದಿ ಕ್ರೂ' ಗೇಮಿನ ಸರ್ವರ್ 2024ರ ಮಾರ್ಚ್ 31ಕ್ಕ ಬಂದ್ ಆತು. ಅದರ ಡಿಸ್ಕ್ ಗೀರಿಲ್ಲದ ಹೊಳೀತಿದ್ರೂ ಈಗ ಆಡಾಕ ಬರಂಗಿಲ್ಲ.

ದರ ಹಿಡಿಯೂ ಮುಂಚೆ ಪಿಎಸ್ ಸ್ಟೋರಿನ (ಸೋನಿಯ ಆನ್‌ಲೈನ್ ಅಂಗಡಿ) ರಿಯಾಯಿತಿ ದರ ನೋಡ್ರಿ, ಹೊಸ ಡಿಸ್ಕಿನ ದರ ಅಲ್ಲ. ಸ್ಟೋರಿನ್ಯಾಗ 1,200ಕ್ಕ ಸಿಗೂದನ್ನ ನೀವು 1,500ಕ್ಕ ಇಟ್ರ ಧೂಳು ಹಿಡೀತೈತಿ. ಜಿಎಸ್‌ಟಿ ನೋಂದಣಿ ಇದ್ರ ಹಳೆ ಮಾಲಿಗೆ ನಿಯಮ 32(5) ಐತಿ, ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗಿಯ ಕಡಿತ) ತಗೊಂಡಿರಬಾರದು ಅಷ್ಟ. 800ಕ್ಕ ತಗೊಂಡು 1,100ಕ್ಕ ಮಾರಿದ್ರ ತೆರಿಗಿ ಆ 300ರ ಮ್ಯಾಲ ಮಾತ್ರ. ಅದಕ್ಕ ಗದಗಿನವರು ಹೇಳಿದ ರಿಜಿಸ್ಟರಿನ್ಯಾಗ ಕೊಂಡ ದರದ ಕಾಲಮ್ಮೂ ಹಾಕ್ಕೊಳ್ರಿ, ನಿಮ್ಮ ಸಿಎ ಅದನ್ನ ಕೇಳತಾರ.