ಬಸ್ಸು ಸವರಿಕೊಂಡು ಹೋದರೆ ಸೈಕಲ್ಲಿನವರು ಇನ್ನೆಷ್ಟು ಸೈಡಿಗೆ ಹೋಗಬೇಕು? ಡ್ರೈವಿಂಗ್ ಮೇಷ್ಟ್ರ ಉತ್ತರ

ಪ್ರಶ್ನೆ (ಶಂಕರಪುರದ ಸೈಕಲ್ ಸವಾರ):
ಮೇಷ್ಟ್ರೇ, ನಮಸ್ಕಾರ. ನನಗೆ ಕಟಪಾಡಿಯ ಒಂದು ಅಂಗಡಿಯಲ್ಲಿ ಕೆಲಸ. ದಿನಾ ಶಂಕರಪುರದಿಂದ ಸೈಕಲ್ಲಿನಲ್ಲೇ ಹೋಗಿ ಬರುವುದು. ಕಳೆದ ವಾರ ಸಂಜೆ ಮನೆಗೆ ಬರುವಾಗ ಒಂದು ಬಸ್ಸು ಎಷ್ಟು ಹತ್ತಿರದಲ್ಲಿ ಓವರ್‌ಟೇಕ್ ಮಾಡಿತೆಂದರೆ, ಬಲಗಡೆ ಹ್ಯಾಂಡಲಿಗೆ ಹಾಕಿದ್ದ ತರಕಾರಿ ಚೀಲ ಬಸ್ಸಿಗೆ ತಾಗಿ ಗಿರ್ರನೆ ತಿರುಗಿತು. ನಾನು ಡಾಂಬರಿನಿಂದ ಕೆಳಗೆ ಇಳಿದುಬಿಟ್ಟೆ. ಬೀಳಲಿಲ್ಲ ಅಷ್ಟೆ. ಮುಂದಿನ ಸ್ಟಾಪಿನಲ್ಲಿ ಅದೇ ಬಸ್ಸು ನಿಂತಿತ್ತು. ಕೇಳಿದ್ದಕ್ಕೆ ಡ್ರೈವರ್, "ಸೈಕಲ್ಲಿಗೆ ಟ್ಯಾಕ್ಸ್ ಕಟ್ತೀಯಾ? ಸೈಡಲ್ಲಿ ಹೋಗು" ಅಂದರು. ಇನ್ನೆಷ್ಟು ಸೈಡಿಗೆ ಹೋಗಬೇಕು ಹೇಳಿ. ತಪ್ಪು ಯಾರದು?

ಉತ್ತರ (ಡ್ರೈವಿಂಗ್ ಸ್ಕೂಲ್ ಮೇಷ್ಟ್ರು, ಉಡುಪಿ):
ನಿಮ್ಮದಲ್ಲ. ಮೊದಲು ಅದು ಮನಸ್ಸಿಗೆ ಗಟ್ಟಿಯಾಗಲಿ. ಸೈಕಲ್ಲಿಗೆ ಇಂಜಿನ್ ಇಲ್ಲ. 1988ರ ಮೋಟಾರು ವಾಹನ ಕಾಯ್ದೆ ಅದನ್ನು ಮೋಟಾರು ವಾಹನ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದಕ್ಕೇ ಲೈಸೆನ್ಸೂ ಬೇಡ, ಟ್ಯಾಕ್ಸೂ ಬೇಡ. ಆದರೆ ರಸ್ತೆ ಎಲ್ಲರದು. ಸೈಕಲ್ ನಿಷೇಧ ಅಂತ ಬೋರ್ಡ್ ಇಲ್ಲದ ಕಡೆ ನೀವು ಧಾರಾಳವಾಗಿ ಹೋಗಬಹುದು. 2017ರಲ್ಲಿ ಬಂದ ಡ್ರೈವಿಂಗ್ ನಿಯಮಗಳು ಇನ್ನೂ ಮುಂದೆ ಹೋಗಿ, ನಡೆಯುವವರು, ಸೈಕಲ್ಲಿನವರು, ಮಕ್ಕಳು, ವಯಸ್ಸಾದವರ ಬಗ್ಗೆ ಡ್ರೈವರು ವಿಶೇಷ ಎಚ್ಚರ ವಹಿಸಬೇಕು ಅನ್ನುತ್ತವೆ.

ಈಗ ಲೆಕ್ಕಕ್ಕೆ ಬರುವ. ನನ್ನ ಹತ್ತಿರ ಕಲಿಯುವವರಿಗೆ ನಾನು ಇದನ್ನು ಮೈದಾನದಲ್ಲಿ ಸೀಮೆಸುಣ್ಣದಲ್ಲಿ ಗೆರೆ ಹಾಕಿ ತೋರಿಸುವುದು. ಎರಡು ಲೇನಿನ ರಸ್ತೆ ಅಂದರೆ ಸಾಮಾನ್ಯವಾಗಿ 7 ಮೀಟರ್ ಅಗಲ, ನಮ್ಮ ಪಾಲಿಗೆ ಮೂರೂವರೆ. ಸೈಕಲ್ಲಿನವರು ಅಂಚಿನಿಂದ ಮುಕ್ಕಾಲು ಮೀಟರ್ ಬಿಟ್ಟು ಹೋಗುತ್ತಿದ್ದಾರೆ ಅಂದುಕೊಳ್ಳಿ. ಅರ್ಧ ಹ್ಯಾಂಡಲ್ ಸೇರಿಸಿದರೆ ಅವರ ಬಲಗೈ ಅಂಚಿನಿಂದ ಸುಮಾರು 1 ಮೀಟರಿನಲ್ಲಿ ಉಂಟು. ನಡುವೆ ಒಂದೂವರೆ ಮೀಟರ್ ಜಾಗ ಬಿಡಬೇಕು. ಬಸ್ಸಿನ ಅಗಲ ಎರಡೂವರೆ. ಒಟ್ಟು 5 ಮೀಟರ್ ಆಯ್ತಲ್ವಾ? ಅಂದರೆ ಬಸ್ಸು ಒಂದೂವರೆ ಮೀಟರ್‌ನಷ್ಟು ಆಚೆ ಲೇನಿಗೆ ಹೋಗಲೇಬೇಕು. ಎದುರಿನಿಂದ ಗಾಡಿ ಬರುತ್ತಿದ್ದರೆ ಓವರ್‌ಟೇಕಿಗೆ ಜಾಗವೇ ಇಲ್ಲ. ನಿಮ್ಮ ಬಸ್ಸು ಇಲ್ಲದ ಜಾಗದಲ್ಲಿ ತೂರಿತು. ನೀವು ಇನ್ನೂ ಒಂದು ಗೇಣು ಸರಿದಿದ್ದರೂ ಆ ಲೆಕ್ಕ ಸರಿಯಾಗುತ್ತಿರಲಿಲ್ಲ.

ಒಂದೂವರೆ ಮೀಟರ್ ನಾನು ಸುಮ್ನೆ ಹೇಳಿದ್ದಲ್ಲ. ಜರ್ಮನಿಯಲ್ಲಿ 2020ರಿಂದ ಊರೊಳಗೆ ಒಂದೂವರೆ, ಊರ ಹೊರಗೆ 2 ಮೀಟರ್ ಬಿಡಬೇಕು ಅಂತ ಕಾನೂನೇ ಉಂಟು. ಬ್ರಿಟನ್ನಿನ ಹೆದ್ದಾರಿ ಸಂಹಿತೆಗೂ 2022ರಲ್ಲಿ ಒಂದೂವರೆ ಮೀಟರ್ ಸೇರಿತು. ನಮ್ಮ ನಿಯಮದಲ್ಲಿ ಇಷ್ಟೇ ಮೀಟರ್ ಅಂತ ಬರೆದಿಲ್ಲ. ಬರೆಯಬೇಕಿತ್ತು ಅಂತ ನನ್ನ ಅಭಿಪ್ರಾಯ. "ಸಾಕಷ್ಟು ಅಂತರ" ಅಂದರೆ ಒಬ್ಬೊಬ್ಬರಿಗೆ ಒಂದೊಂದು ಅಳತೆ.

ನಾನು ಕೂಡ 11 ವರ್ಷ ಬಸ್ಸು ಓಡಿಸಿದವನು. ಒಂದು ಮಳೆಗಾಲ ಪಡುಬಿದ್ರಿ ದಾಟಿದ ಮೇಲೆ ಒಬ್ಬರು ಅಜ್ಜನ ಸೈಕಲ್ಲನ್ನು ಹಿಂದೆ ಹಾಕಿದೆ. ನನಗೆ ಏನೂ ಗೊತ್ತಾಗಲಿಲ್ಲ. ಮುಂದೆ ಬಸ್ಸು ನಿಲ್ಲಿಸಿದಾಗ ಕಂಡಕ್ಟರ್ ಕರೆದು ತೋರಿಸಿದರು. ಬಸ್ಸಿನ ಎಡಬದಿ ಪೂರ್ತಿ ಕೆಂಪು ಕೆಸರು. ಆ ಕೆಸರಿನ ಮೇಲೆ ಎದೆಮಟ್ಟದಲ್ಲಿ, ಅಂಗೈ ಅಗಲದ ಒಂದು ಗೆರೆ ಶುಭ್ರವಾಗಿ ಒರೆಸಿ ಹೋಗಿತ್ತು, ಮುಂದಿನ ಬಾಗಿಲಿನ ಹತ್ತಿರದಿಂದ ಹಿಂದಿನ ಚಕ್ರದವರೆಗೆ. ಅದು ಅಜ್ಜನ ಅಂಗಿಯ ತೋಳು. ವಾಪಸು ಟ್ರಿಪ್ಪಿನಲ್ಲಿ ಅವರು ರಸ್ತೆ ಬದಿಯ ಅಂಗಡಿಯಲ್ಲಿ ಚಾ ಕುಡಿಯುತ್ತಿದ್ದರು. ತೋಳಿನ ಮೇಲೆ ಕೆಸರು ಹಾಗೇ ಇತ್ತು. ಟೈಮಿಂಗ್ ಅಂತ ನಾನು ಇಳಿದು ಮಾತಾಡಲಿಲ್ಲ. ಇಳಿಯಬೇಕಿತ್ತು. ಆ ಗೆರೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು.

ಪ್ರಶ್ನೆ (ಸರ್ವಿಸ್ ಬಸ್ ಡ್ರೈವರ್):
ಮೇಷ್ಟ್ರೇ, ಟೈಮಿಂಗ್ ಕಷ್ಟ ನಿಮಗೆ ಗೊತ್ತಿಲ್ಲವಾ? ಎರಡು ನಿಮಿಷ ಲೇಟಾದರೆ ಹಿಂದಿನ ಬಸ್ಸಿನವರು ಬಂದು ಜಗಳ. ಪ್ರತಿ ಸೈಕಲ್ಲಿನ ಹಿಂದೆ ಕಾಯುತ್ತಾ ಕೂತರೆ ಟ್ರಿಪ್ ಮುಗಿಯುವುದು ಯಾವಾಗ?

ಉತ್ತರ:
ಗೊತ್ತುಂಟು ತಮ್ಮಾ. ಆ ಒತ್ತಡ ಸುಳ್ಳಲ್ಲ. ಒಳ್ಳೆಯ ಡ್ರೈವರುಗಳನ್ನೂ ಅದು ಕೆಡಿಸುತ್ತದೆ. ಆದರೆ ಗಡಿಯಾರ ನೋಡಿ ಲೆಕ್ಕ ಹಾಕು. ಸೈಕಲ್ 20 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ನೀನು ಅದರ ಹಿಂದೆ 100 ಮೀಟರ್ ಹೋದರೆ 18 ಸೆಕೆಂಡ್ ಬೇಕು. 50ರ ವೇಗದಲ್ಲಿ ಅದೇ 100 ಮೀಟರಿಗೆ 7 ಸೆಕೆಂಡ್. ನಿನಗೆ ಹೋದದ್ದು 11 ಸೆಕೆಂಡ್. ಒಂದು ಸ್ಟಾಪಿನಲ್ಲಿ ಚಿಲ್ಲರೆಗೆ ಅದಕ್ಕಿಂತ ಜಾಸ್ತಿ ಹೋಗುತ್ತದೆ.

ಇನ್ನೊಂದು ಲೆಕ್ಕವನ್ನೂ ನೋಡು. 50ರಲ್ಲಿ ಹೋಗಿ 20ರ ಸೈಕಲ್ಲನ್ನು ಹಿಂದೆ ಹಾಕಿ, ಹಿಂದೆ ಮುಂದೆ 10 ಮೀಟರ್ ಬಿಟ್ಟು ಲೇನಿಗೆ ವಾಪಸು ಬರಲು ನಿನ್ನ ಬಸ್ಸಿಗೆ ಸುಮಾರು 4 ಸೆಕೆಂಡ್ ಬೇಕು. ಅಷ್ಟರಲ್ಲಿ ನೀನು 55 ಮೀಟರ್ ಹೋಗಿರುತ್ತೀಯ. ಎದುರಿನ ಕಾರೂ 50ರಲ್ಲೇ ಇದ್ದರೆ ಅದೂ 55 ಮೀಟರ್ ಬಂದಿರುತ್ತದೆ. ಅಂದರೆ ಮುಂದೆ 110 ಮೀಟರ್ ಖಾಲಿ ಕಂಡರೂ ಸಾಲದು, ಅದಕ್ಕಿಂತ ಚೆನ್ನಾಗಿ ಜಾಸ್ತಿ ಬೇಕು. ತಿರುವಿನಲ್ಲಿ, ಕಿರಿದಾದ ಸೇತುವೆಯಲ್ಲಿ ಅಷ್ಟು ಕಾಣುತ್ತದಾ?

ಮತ್ತೊಂದು ವಿಷಯ ನಿನ್ನಲ್ಲಿ ಕೈಮುಗಿದು ಕೇಳುವುದು. ಮುಂದೆ ಸ್ಟಾಪ್ ಕಾಣುತ್ತಿದ್ದರೆ ಸೈಕಲ್ಲನ್ನು ಹಿಂದೆ ಹಾಕಲೇಬೇಡ. ಹಿಂದೆ ಹಾಕಿ ಕೂಡಲೇ ಎಡಕ್ಕೆ ಕಟ್ ಹೊಡೆದು ನಿಲ್ಲಿಸಿದರೆ ಆ ಮನುಷ್ಯನಿಗೆ ಬ್ರೇಕ್ ಹಿಡಿಯಲೂ ಜಾಗ ಇರುವುದಿಲ್ಲ. ಮಣಿಪಾಲದಿಂದ ಇಂದ್ರಾಳಿ ಕಡೆಗೆ ಇಳಿಯುವಾಗ ಇದು ಇನ್ನೂ ಅಪಾಯ. ಇಳಿಜಾರಿನಲ್ಲಿ ಸೈಕಲ್ ನೀನು ಅಂದುಕೊಂಡದ್ದಕ್ಕಿಂತ ಬಹಳ ಜೋರಾಗಿ ಬರುತ್ತಿರುತ್ತದೆ.

ಪ್ರಶ್ನೆ (ಮಂಗಳೂರಿನ ಕಾರು ಮಾಲೀಕರು):
ಎಲ್ಲ ತಪ್ಪೂ ನಮ್ಮದೇ ಅನ್ನಬೇಡಿ ಸರ್. ಭಾನುವಾರ ಬೆಳಿಗ್ಗೆ ಹತ್ತಿಪ್ಪತ್ತು ಜನ ಹೆಲ್ಮೆಟ್ ಹಾಕಿಕೊಂಡು ರಸ್ತೆ ಪೂರ್ತಿ ಹರಡಿಕೊಂಡು ಹೋಗುತ್ತಾರೆ. ಹಾರ್ನ್ ಹಾಕಿದರೂ ಸೈಡ್ ಕೊಡುವುದಿಲ್ಲ.

ಉತ್ತರ:
ನಿಮ್ಮ ದೂರು ನ್ಯಾಯವೇ. ಕಿರಿದಾದ ರಸ್ತೆಯಲ್ಲಿ ಹಿಂದೆ ಗಾಡಿ ಬಂದಾಗ ಮಾತಾಡುತ್ತಾ ಜೋಡಿಯಾಗಿ ಹೋಗುವುದು ಸರಿಯಲ್ಲ, ಒಬ್ಬರ ಹಿಂದೆ ಒಬ್ಬರು ಬರಬೇಕು. ಇಪ್ಪತ್ತು ಸೈಕಲ್ ಒಂದೇ ಸಾಲಾದರೂ ತೊಂದರೆಯೇ, ಅಷ್ಟು ಉದ್ದದ ಸಾಲನ್ನು ಒಂದೇ ಸಲ ಹಿಂದೆ ಹಾಕಲು ಆಗುವುದಿಲ್ಲ. ನಾಲ್ಕು ಐದು ಜನರ ಗುಂಪು ಮಾಡಿ, ನಡುವೆ ಎರಡು ಕಾರು ನುಸುಳುವಷ್ಟು ಜಾಗ ಬಿಟ್ಟರೆ ಎಲ್ಲರಿಗೂ ಅನುಕೂಲ. ಸೈಕಲ್ ಗೆಳೆಯರು ಇದನ್ನು ದಯವಿಟ್ಟು ಪಾಲಿಸಿ. ಸಿಗ್ನಲ್ ಹಾರುವುದು, ರಾಂಗ್ ಸೈಡಿನಲ್ಲಿ ಬರುವುದು ಕೂಡ ನಿಲ್ಲಬೇಕು.

ಹಾರ್ನ್ ಬಗ್ಗೆ ಒಂದು ಮಾತು. ದೂರದಿಂದ ಒಮ್ಮೆ ಮೆಲ್ಲ ಹಾಕಿದರೆ ಅದು ಸೂಚನೆ. ಬೆನ್ನಿಗೆ ಬಂದು ಒತ್ತಿ ಹಿಡಿದರೆ ಅವರು ಬೆಚ್ಚಿಬಿದ್ದು ನಿಮ್ಮ ಚಕ್ರಕ್ಕೇ ಬರಬಹುದು.

ಮೊದಲು ಕೇಳಿದವರು:
ಹಾಗಾದರೆ ನಾನು ಅಂಚಿನಲ್ಲಿ ಹೋಗುವುದಾ, ಬೇಡವಾ? ಕಂಪ್ಲೇಂಟ್ ಕೊಡಬಹುದಾ?

ಉತ್ತರ:
ತೀರಾ ಅಂಚಿಗೆ ಬೇಡ. ನಮ್ಮ ರಸ್ತೆಗಳ ಅಂಚು ನಿಮಗೇ ಗೊತ್ತುಂಟಲ್ಲ, ಕಾಂಕ್ರೀಟಿಗೂ ಮಣ್ಣಿಗೂ ನಾಲ್ಕು ಬೆರಳು ವ್ಯತ್ಯಾಸ. ಚಕ್ರ ಕೆಳಗೆ ಜಾರಿದರೆ ಮೇಲೆ ಹತ್ತಿಸುವಾಗಲೇ ಬೀಳುವುದು. ಮಳೆಗಾಲದಲ್ಲಿ ಅಲ್ಲಿ ಪಾಚಿ. ಮಲ್ಪೆ ಕಡೆ ಮೀನಿನ ಲಾರಿಯ ನೀರು ಬಿದ್ದು ಜಾರುತ್ತದೆ. ಮುಕ್ಕಾಲು ಮೀಟರ್ ಒಳಗೆ, ನೇರ ಗೆರೆಯಲ್ಲಿ ಹೋಗಿ. ಅಂಚಿಗೆ ಅಂಟಿಕೊಂಡರೆ ಹಿಂದಿನವನಿಗೆ "ಜಾಗ ಉಂಟು" ಅಂತ ಅನಿಸುತ್ತದೆ, ತೂರುತ್ತಾನೆ. ಒಳಗೆ ಇದ್ದರೆ ಕಾಯಬೇಕು ಅಂತ ಅವನಿಗೇ ಗೊತ್ತಾಗುತ್ತದೆ. ಬಲಕ್ಕೆ ಸರಿಯುವ ಮೊದಲು ಹಿಂದೆ ತಿರುಗಿ ನೋಡಿ, ಕೈ ತೋರಿಸಿ. ದೊಡ್ಡ ಗಾಡಿ ಪಕ್ಕದಲ್ಲಿ ಹೋಗುವಾಗ ಗಾಳಿ ಮೊದಲು ಆಚೆ ತಳ್ಳುತ್ತದೆ, ಆಮೇಲೆ ಒಳಗೆ ಎಳೆಯುತ್ತದೆ. ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದಿರಿ, ತೋಳು ಬಿಗಿ ಮಾಡಬೇಡಿ. ಚೀಲ ಇನ್ನು ಮೇಲೆ ಕ್ಯಾರಿಯರಿಗೆ ಕಟ್ಟಿ.

ಕಂಪ್ಲೇಂಟ್ ಖಂಡಿತ ಕೊಡಬಹುದು. ಕಾಯ್ದೆಯ 184ನೇ ಸೆಕ್ಷನ್ ಅಪಾಯಕಾರಿ ಚಾಲನೆಗೆ ಇರುವುದು. 2019ರ ತಿದ್ದುಪಡಿಯಲ್ಲಿ ಕಾನೂನಿಗೆ ವಿರುದ್ಧವಾದ ಓವರ್‌ಟೇಕನ್ನೂ ಅದರಲ್ಲಿ ಹೆಸರಿಸಿ ಸೇರಿಸಿದ್ದಾರೆ. ನಂಬರ್, ಸಮಯ, ಜಾಗ ಬರೆದಿಟ್ಟು ಠಾಣೆಗೆ ಕೊಡಿ. ತಾಗಿ ಬಿದ್ದರೆ 112ಕ್ಕೆ ಕರೆ ಮಾಡಿ. ರಸ್ತೆಯಲ್ಲಿ ಅಡ್ಡ ನಿಂತು ಜಗಳಕ್ಕೆ ಮಾತ್ರ ಹೋಗಬೇಡಿ.

ಪ್ರಶ್ನೆ (ಒಬ್ಬರು ತಾಯಿ, ಬ್ರಹ್ಮಾವರ):
ಸರ್, ಮಗ ಏಳನೇ ಕ್ಲಾಸು. ಶಾಲೆಗೆ ಸೈಕಲ್ ಬೇಕು ಅಂತ ಹಠ. ಇದನ್ನೆಲ್ಲ ಓದಿ ಹೆದರಿಕೆ ಆಯ್ತು. ಕಳಿಸಬಹುದಾ?

ಉತ್ತರ:
ಕಳಿಸಿ ಅಕ್ಕಾ, ಆದರೆ ಹೈವೇಯಲ್ಲಿ ಬೇಡ. ಒಳರಸ್ತೆ ಇದ್ದರೆ ಸುತ್ತಾದರೂ ಅದರಲ್ಲೇ ಹೋಗಲಿ. ಮೊದಲ ಒಂದು ವಾರ ನೀವೋ ಅವರ ಅಪ್ಪನೋ ಜೊತೆಗೆ ಹೋಗಿ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಪರಿಚಯದ ಬಸ್ಸಿನವರು ಇದ್ದರೆ, ನಿಂತ ಬಸ್ಸಿನ ಡ್ರೈವರ್ ಸೀಟಿನಲ್ಲಿ ಮಗನನ್ನು ಕೂರಿಸಿ. ನೀವು ಸೈಕಲ್ ಹಿಡಿದುಕೊಂಡು ಬಸ್ಸಿನ ಎಡ ಮುಂದಿನ ಮೂಲೆಗೆ ಒತ್ತಿ, ಸ್ವಲ್ಪ ಬಗ್ಗಿ ನಿಲ್ಲಿ. "ಅಮ್ಮ ಎಲ್ಲಿ?" ಅಂತ ಅವನನ್ನು ಕೇಳಲಿಕ್ಕೆ ಬಸ್ಸಿನವರಿಗೆ ಹೇಳಿ. ಅವನಿಗೆ ನೀವು ಕಾಣುವುದಿಲ್ಲ. ಆಮೇಲೆ ಒಂದೊಂದೇ ಹೆಜ್ಜೆ ದೂರ ಬನ್ನಿ, ಎಲ್ಲಿ ಕಾಣುತ್ತೀರಿ ಅಂತ ಅವನೇ ಕೂಗಿ ಹೇಳಲಿ. ಬಸ್ಸು ಸಿಗದಿದ್ದರೆ ಶನಿವಾರ ಮಧ್ಯಾಹ್ನ ನಮ್ಮ ಮೈದಾನಕ್ಕೆ ಕರೆದುಕೊಂಡು ಬನ್ನಿ. ನಮ್ಮ ಹಳೆಯ ಲಾರಿ ಅಲ್ಲೇ ನಿಂತಿರುತ್ತದೆ.