ಅಕ್ಕಾ, ಹಿತ್ತಲಿನ ಜೇಡ ಹೊಡೆಯಬೇಡ

ಅಕ್ಕಾ, ರಾತ್ರಿ ನೀನು ಹಾಕಿದ ಫೋಟೊ ಈಗ ನೋಡಿದೆ. ಒಗೆಯೋ ಕಲ್ಲಿನ ಪಕ್ಕ ಅಂಗೈ ಅಗಲದ ಕೂದಲು ಜೇಡ, ಡಬ್ಬಿ ಮುಚ್ಚಿಟ್ಟಿದ್ದೀನಿ, ಹೊಡೆದು ಹಾಕಲಾ ಅಂತ ಕೇಳಿದ್ದೀಯ. ಬೇಡ. ಕಸಬರಿಗೆ ಹಿಡಿದಿರೋ ಭಾವನಿಗೂ ಹೇಳು.

ಫೋಟೊ ದೊಡ್ಡದು ಮಾಡಿ ಬಾಯಿ ಹತ್ತಿರ ನೋಡು. ಎಂಟು ಕಾಲು ಬಿಟ್ಟು ಮುಂದೆ ಇನ್ನೆರಡು ಗಿಡ್ಡ ಕಾಲಿನ ಹಾಗೆ ಕಾಣುತ್ತಲ್ಲ, ಅವು ಎಲ್ಲಾ ಜೇಡಕ್ಕೂ ಇರುತ್ತೆ, ತಡವಿ ನೋಡೋಕೆ. ಆದರೆ ಇದರಲ್ಲಿ ತುದಿ ದಪ್ಪ ಇದೆ, ಕಡ್ಡಿಗೆ ಹತ್ತಿ ಸುತ್ತಿದ ಹಾಗೆ. ಹೊಟ್ಟೆ ಸಣ್ಣ, ಕಾಲು ಉದ್ದ. ಇದು ಬಲಿತ ಗಂಡು, ಟಾರಂಟುಲಾ ಅನ್ನೋ ದೊಡ್ಡ ಕೂದಲು ಜೇಡಗಳ ಗುಂಪಿನದು. ಗಂಡು ವೀರ್ಯ ತುಂಬಿಟ್ಟುಕೊಳ್ಳೋದು ಆ ತುದಿಯಲ್ಲೇ. ಇಂಥದ್ದೇ ಜಾತಿ ಅಂತ ಫೋಟೊದಲ್ಲಿ ಹೇಳೋಕಾಗಲ್ಲ, ತಿಳಿದವರು ಅದೇ ತುದಿಯನ್ನು ಮೈಕ್ರೋಸ್ಕೋಪಿನಲ್ಲಿ ಇಟ್ಟು ನೋಡುತ್ತಾರೆ. ನಿಮ್ಮ ಬಚ್ಚಲಿನ ಗೋಡೆಗೆ ಚಪ್ಪಟೆಯಾಗಿ ಅಂಟಿಕೊಂಡಿರುತ್ತಲ್ಲ ಕಂದು ಬಣ್ಣದ್ದು, ಜಿರಲೆ ತಿನ್ನೋದು, ಅದು ಬೇರೆ.

ಇದು ಇಷ್ಟು ದಿನ ಬಿಲದೊಳಗೇ ಇತ್ತು. ಬಲಿತ ಮೇಲೆ ಬಿಲ ಬಿಟ್ಟು ಹೆಣ್ಣು ಹುಡುಕಿಕೊಂಡು ಹೊರಡುತ್ತೆ, ಪಾಪ, ಆಮೇಲೆ ಅದಕ್ಕೆ ಜಾಸ್ತಿ ಆಯಸ್ಸೂ ಇಲ್ಲ, ಕೆಲವು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷ, ಹೆಣ್ಣು ಮಾತ್ರ 10 ವರ್ಷ ದಾಟಿಯೂ ಬದುಕುತ್ತೆ. ಹೋದ ವರ್ಷ ಮುಂಗಾರು ಶುರುವಾದ ವಾರ ಇಲ್ಲಿ ದುರ್ಗದಲ್ಲಿ ನಮ್ಮ ಹಿತ್ತಲಿನ ಬಂಡೆ ಬುಡದಲ್ಲಿ ನಾನೇ ನೋಡಿದೆ. ನಾಣ್ಯದಗಲದ ತೂತು, ಬಾಯಿಗೆಲ್ಲ ಬಿಳಿ ನೂಲು. ಗಂಡು ಹೊರಗೆ ನಿಂತು ಮುಂಗಾಲಿನಲ್ಲಿ ಟಕಟಕ ತಟ್ಟುತ್ತಿತ್ತು, ನಿಲ್ಲಿಸುತ್ತಿತ್ತು, ಮತ್ತೆ ತಟ್ಟುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಒಳಗಿಂದ ಎರಡು ಕಾಲಿನ ತುದಿ ಕಂಡಿತು. ನಾನು ಬ್ಯಾಟರಿ ಆರಿಸಿ ಒಳಗೆ ಬಂದೆ.

ದೊಡ್ಡಮ್ಮ, ಜೇಡ ಉಚ್ಚೆ ಹೊಯ್ದರೆ ಗುಳ್ಳೆ ಏಳುತ್ತೆ ಅಂದಿರಲ್ಲ, ಅದು ಜೇಡದಿಂದ ಆಗಲ್ಲ. ಮಳೆಗಾಲದಲ್ಲಿ ಲೈಟಿಗೆ ಬರುತ್ತಲ್ಲ ಕೆಂಪು ಕಪ್ಪು ಸಣ್ಣ ಹುಳ, ಅದನ್ನು ಮೈ ಮೇಲೆ ಉಜ್ಜಿಬಿಟ್ಟರೆ ಹಾಗಾಗುತ್ತೆ.

ಅಕ್ಕಾ, ಬರಿಗೈಲಿ ಮಾತ್ರ ಮುಟ್ಟಬೇಡ, ಹೆದರಿದರೆ ಕಚ್ಚುತ್ತೆ, ನೋವು ಊತ ಎರಡೂ ಇರುತ್ತೆ. ಡಬ್ಬಿ ಕೆಳಗೆ ನಿಧಾನಕ್ಕೆ ರಟ್ಟು ತೂರಿಸಿ ಹಿಂದಿನ ಖಾಲಿ ಸೈಟಿನಲ್ಲಿ ಕಲ್ಲು ಇರೋ ಕಡೆ ಬಿಡು. ಹಗಲು ಬಿಸಿಲಲ್ಲಿ ಬೇಡ, ಸಂಜೆ ಬಿಡು. ಬಿಡೋ ಮುಂಚೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಇನ್ನೊಂದು ಫೋಟೊ ತೆಗೆದು ಕಳಿಸು, ಅಳತೆ ಗೊತ್ತಾಗಲಿ.